ಒಲೆಯ ಮುಂದೆ ಕುಳಿತವರು ನಾವು

ಮಾನ್ಯ ಸಂಪಾದಕರೇ,

ಅಭಿಮಾನಿಗಳ ನಿರೀಕ್ಷೆಯನ್ನು ಹುಸಿ ಮಾಡಿದ ಎಂಎಂಎ (ಗುದ್ದು, ಒದೆತ, ಕುಸ್ತಿಯ ಪಟ್ಟು ಎಲ್ಲ ಸೇರಿದ ಕಾಳಗ) ಹೋರಾಟಗಾರರ ಪಟ್ಟಿಯೊಂದು ಕಳೆದ ಭಾನುವಾರ ನಿಮ್ಮ ಕ್ರೀಡಾ ಪುಟದಲ್ಲಿ ಫೋಟೊ ಸಮೇತ ಬಂದಿತ್ತು. ಬುಧವಾರ ಅದಕ್ಕೆ ಓದುಗರೊಬ್ಬರು ಪತ್ರ ಬರೆದು, ಪರದೇಶದವರನ್ನು ಮಾತ್ರ ಹೆಸರಿಸಿದರೆ ಸಾಲದು, ನಮ್ಮವರನ್ನೂ ಸೇರಿಸಬೇಕಿತ್ತು, ಇವರೆಲ್ಲರದೂ ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ಷರಾ ಬರೆದಿದ್ದಾರೆ. ಇಸ್ತ್ರಿ ಪೆಟ್ಟಿಗೆ ಕಾಯುವ ಹೊತ್ತಿನಲ್ಲಿ ಓದಿದೆ. ಮಡಚಿಟ್ಟೆ. ಮತ್ತೆ ತೆರೆದು ಓದಿದೆ. ಆ ಸಿಟ್ಟಿನಲ್ಲಿ ಗಿರಾಕಿಯೊಬ್ಬರ ಪ್ಯಾಂಟು ಸುಡುವುದು ಸ್ವಲ್ಪದರಲ್ಲಿ ತಪ್ಪಿತು.

ನಾನು ದರ್ಜಿ. ಮಂಗಳೂರಿನ ರಥಬೀದಿಯ ಹಿಂದಿನ ಓಣಿಯೊಂದರಲ್ಲಿ 31 ವರ್ಷಗಳಿಂದ ಕತ್ತರಿ ಹಿಡಿದು ಕುಳಿತಿದ್ದೇನೆ. ಜೂನ್ ಬಂದರೆ ಶಾಲೆಯ ಸಮವಸ್ತ್ರ, ನವರಾತ್ರಿ ಹತ್ತಿರವಾದರೆ ಹುಲಿವೇಷದ ತಂಡಗಳ ಚಡ್ಡಿ, ಉಳಿದ ದಿನಗಳಲ್ಲಿ ಕರಾಟೆ ಡ್ರೆಸ್ಸು. ಈ ಊರಿಗೆ ಬ್ರೂಸ್ ಲೀಯ ಹುಚ್ಚು ಹಿಡಿದಿದ್ದ ಕಾಲದಲ್ಲಿ ನಾನೂ ಹಸಿರು ಬೆಲ್ಟಿನವರೆಗೆ ಕಲಿತೆ. ಅದರಿಂದ ಮೇಲಕ್ಕೆ ಹೋಗಲು ಮೈ ಒಪ್ಪಲಿಲ್ಲ. ಆದರೆ ಎಳೆದಾಟದಲ್ಲಿ ಡ್ರೆಸ್ಸಿನ ತೋಳು ಮೊದಲು ಎಲ್ಲಿ ಹರಿಯುತ್ತದೆ ಎಂಬುದು ತಿಳಿಯಿತು, ಆ ಜಾಗಕ್ಕೆ ಎರಡು ಸಾಲು ಹೊಲಿಗೆ ಹಾಕಿದೆ, ಹುಡುಗರು ನನ್ನನ್ನು ಹುಡುಕಿಕೊಂಡು ಬಂದರು. ಈಗ ಅವರ ತಮ್ಮಂದಿರು ಎಂಎಂಎ ಶಾರ್ಟ್ಸ್ ಹೊಲಿಸಲು ಬರುತ್ತಾರೆ. ನಿಮ್ಮ ಪತ್ರಿಕೆ ‘ಮಿಶ್ರ ಸಮರ ಕಲೆ’ ಎಂದು ಬರೆಯುತ್ತದೆ. ಹಾಗೆಂದರೆ ನನ್ನ ಅಂಗಡಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಎಂಎಂಎ ಎಂದರೆ ಚಹಾ ತರುವ ಹುಡುಗನಿಗೂ ಗೊತ್ತು. ಹಾಗಾಗಿ ಈ ವಿಷಯದಲ್ಲಿ ಮಾತನಾಡುವ ಹಕ್ಕು ನನಗೆ ಒಂದು ಗೇಣಿನಷ್ಟಾದರೂ ಇದೆ ಎಂದು ಭಾವಿಸಿ ಬರೆಯುತ್ತಿದ್ದೇನೆ.

ಪತ್ರ ಬರೆದವರ ಸಿಟ್ಟು ಹೆಚ್ಚಾಗಿ ಉತ್ತರಾಖಂಡದ ಅಂಶುಲ್ ಜುಬ್ಲಿಯ ಮೇಲೆ. 2023ರ ಫೆಬ್ರುವರಿಯಲ್ಲಿ ‘ರೋಡ್ ಟು ಯುಎಫ್‌ಸಿ’ ಪಂದ್ಯಾವಳಿಯ ಫೈನಲ್‌ನಲ್ಲಿ ಇಂಡೊನೇಷ್ಯಾದ ಜೆಕಾ ಸಾರಗಿಯನ್ನು ಎರಡನೆಯ ಸುತ್ತಿನಲ್ಲಿ ಕೆಡವಿ ಅವನು ಎಂಎಂಎಯ ಅತಿ ದೊಡ್ಡ ಸಂಸ್ಥೆಯಾದ ಯುಎಫ್‌ಸಿಯ ಒಪ್ಪಂದ ಗಳಿಸಿದ. ಆಡಿದ ಏಳರಲ್ಲಿ ಏಳನ್ನೂ ಗೆದ್ದಿದ್ದ. ಮರುದಿನದಿಂದಲೇ ಅವನು ಹುಲಿಯಾದ, ಸಿಂಹವಾದ, 140 ಕೋಟಿ ಜನರ ಕನಸಾದ. ಅದೇ ಪಂದ್ಯಾವಳಿಯ ಮೊದಲ ಹಂತದಲ್ಲಿ ಎದುರಾಳಿ ತೂಕ ಮೀರಿದ್ದರಿಂದ ಅವನು ಆಡದೆಯೇ ಮುಂದೆ ಹೋಗಿದ್ದ. ಸೆಮಿಫೈನಲ್‌ನಲ್ಲಿ ಕೊರಿಯಾದ ಕಿಮ್ ಕ್ಯುಂಗ್ ಪ್ಯೊ ವಿರುದ್ಧ ಮೂವರು ತೀರ್ಪುಗಾರರ ಪೈಕಿ ಇಬ್ಬರು ಒಲಿದದ್ದರಿಂದ ಗೆದ್ದಿದ್ದ. ಇದರಲ್ಲಿ ಅವಮಾನವೇನೂ ಇಲ್ಲ, ಗೆಲುವು ಗೆಲುವೇ. ಆದರೆ ಬಟ್ಟೆ ಕೊಳ್ಳುವವನು ಅಂಚನ್ನೂ ಮುಟ್ಟಿ ನೋಡುತ್ತಾನೆ. ನಾವು ಬರೀ ಬಣ್ಣ ನೋಡಿದೆವು.

ಯುಎಫ್‌ಸಿಯಲ್ಲಿ ಅವನ ಮುಂದಿನ ಪಂದ್ಯ ಅಬುಧಾಬಿಯಲ್ಲಿ, 2023ರ ಅಕ್ಟೋಬರ್ 21ರಂದು. ನವರಾತ್ರಿಯ ನಡುವಿನ ಶನಿವಾರ. ಊರೆಲ್ಲ ಕುದ್ರೋಳಿ ದೇವಸ್ಥಾನದ ದೀಪಗಳ ಕಡೆಗೆ ಹರಿಯುತ್ತಿತ್ತು. ನನ್ನ ಅಂಗಡಿಯಲ್ಲಿ ಹುಲಿವೇಷದ ಚಡ್ಡಿಗಳ ರಾಶಿ, ಅದರ ಮೇಲೆ ಕುಳಿತು ತಂಡದ ಏಳೆಂಟು ಹುಡುಗರು. ನನ್ನ ಅಳಿಯ, ಅಂದರೆ ತಂಗಿಯ ಮಗ, ಮೊಬೈಲನ್ನು ಹೊಲಿಗೆ ಯಂತ್ರದ ಮೇಲೆ ನೂಲಿನ ರೀಲಿಗೆ ಒರಗಿಸಿ ನಿಲ್ಲಿಸಿದ್ದ. ಎದುರಾಳಿ ಅಮೆರಿಕದ ಮೈಕ್ ಬ್ರೀಡನ್. ಯುಎಫ್‌ಸಿಯಲ್ಲಿ ಅದುವರೆಗೆ ಆಡಿದ ಮೂರನ್ನೂ ಸೋತವನು ಎಂದು ಅಳಿಯ ಓದಿ ಹೇಳಿದ. ‘ಇವನಿಗೆ ಒಂದು ಸುತ್ತು ಹೆಚ್ಚಾಯಿತು’ ಎಂದು ಹುಡುಗರು ನಕ್ಕರು. ನಾನೂ ನಕ್ಕೆ. ಮೂರು ಸೋತವನು ನಾಲ್ಕನೆಯದನ್ನು ಸೋತರೆ ಕೆಲಸ ಹೋಗುತ್ತದೆ, ಅಂಥವನ ಗುದ್ದಿನ ಹಿಂದೆ ಮನೆ ಬಾಡಿಗೆ ಇರುತ್ತದೆ ಎಂಬುದು 31 ವರ್ಷ ಅಂಗಡಿ ನಡೆಸಿದ ನನಗಾದರೂ ಹೊಳೆಯಬೇಕಿತ್ತು. ಮೂರನೆಯ ಸುತ್ತಿನಲ್ಲಿ ಒಂದು ಏಟು ಬಿತ್ತು. ಜುಬ್ಲಿ ಬಿದ್ದ. ಹೊರಗೆ ಯಾವುದೋ ತಂಡದ ತಾಸೆ ಬಡಿಯುತ್ತಲೇ ಇತ್ತು, ಒಳಗೆ ಯಾರೂ ಮಾತನಾಡಲಿಲ್ಲ. ಕೊನೆಗೆ ಚಡ್ಡಿಗಳ ರಾಶಿಯ ಮೇಲಿದ್ದ ಹುಡುಗನೊಬ್ಬ ಎದ್ದು, ‘ಛೆ, ಮರ್ಯಾದೆ ತೆಗೆದ’ ಎಂದ. ಯಾರ ಮರ್ಯಾದೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಮುಂದಿನದು 2025ರ ಫೆಬ್ರುವರಿ 9, ಸಿಡ್ನಿ. ನಮಗೆ ಅದು ಭಾನುವಾರದ ಬೆಳಗಿನ ಜಾವ. ಈ ಸಲ ನೋಡಲು ಇದ್ದದ್ದು ನಾನು ಮತ್ತು ಅಳಿಯ, ಇಬ್ಬರೇ. ಚಹಾ ಸೋಸಿಕೊಂಡು ಬರುತ್ತೇನೆಂದು ಒಳಗೆ ಹೋದೆ. ಲೋಟ ಹಿಡಿದು ಬಂದಾಗ ಅಳಿಯ ಮೊಬೈಲನ್ನು ಮಗುಚಿ ಇಟ್ಟಿದ್ದ. 19 ಸೆಕೆಂಡುಗಳಲ್ಲಿ ಆಸ್ಟ್ರೇಲಿಯಾದ ಕ್ವಿಲನ್ ಸಾಲ್ಕಿಲ್ಡ್ ಮುಗಿಸಿದ್ದ. ‘ಮಾವ, ಇನ್ನು ಇವನ ಹೆಸರು ಹೇಳಬೇಡಿ’ ಎಂದ ಅಳಿಯ. ಎರಡು ವರ್ಷ ಹಿಂದೆ ಅವನ ಹೆಸರು ಬರೆಸಿದ ಟೀ ಶರ್ಟ್ ಹೊಲಿಸಿಕೊಂಡವನು ಇವನೇ. ಆ ಟೀ ಶರ್ಟಿನಿಂದ ಈಗ ನಮ್ಮ ಮನೆಯಲ್ಲಿ ಸ್ಕೂಟರ್ ಒರೆಸುತ್ತಾರೆ.

ಇನ್ನು ಉತ್ತರನ ಮಾತು. ಯಕ್ಷಗಾನ ನೋಡಿ ಬೆಳೆದ ಊರಿನವರು ಗಾದೆಯ ಅರ್ಧವನ್ನು ಮಾತ್ರ ಹೇಳಿದರೆ ಹೇಗೆ? ಅಂತಃಪುರದಲ್ಲಿ ಹೆಂಗಸರ ಮುಂದೆ ಕೊಚ್ಚಿಕೊಂಡದ್ದು ನಿಜ, ಕೌರವ ಸೇನೆ ಕಂಡ ಕೂಡಲೇ ರಥದಿಂದ ಹಾರಿ ಓಡಿದ್ದೂ ನಿಜ. ಆದರೆ ಬೃಹನ್ನಳೆ ಹಿಡಿದು ತಂದ ಮೇಲೆ ಅದೇ ಹುಡುಗ ಕುದುರೆಯ ಹಗ್ಗ ಹಿಡಿದು ಭೀಷ್ಮ ದ್ರೋಣರ ಬಾಣಗಳೆದುರು ರಥ ನಡೆಸಿದ. ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಕೈಯಲ್ಲಿ ಸತ್ತ. ಒಲೆಯ ಮುಂದೆ ಕುಳಿತೇ ಇದ್ದವನು ಅವನಲ್ಲ. ಚಹಾ ಸೋಸುತ್ತಾ ಮೊಬೈಲ್ ನೋಡುತ್ತಿದ್ದವನು ನಾನು, ಪತ್ರ ಬರೆದ ಆ ಮಹನೀಯರು, ಮತ್ತು ಕ್ಷಮಿಸಿ, ಪಟ್ಟಿ ತಯಾರಿಸಿದ ನಿಮ್ಮ ಕ್ರೀಡಾ ವಿಭಾಗದವರು.

ನಿಮ್ಮ ಪಟ್ಟಿಯಲ್ಲಿ ನನ್ನ ಹಳೆಯ ದೇವರೊಬ್ಬನಿದ್ದಾನೆ, ಕ್ರೊಯೇಷಿಯಾದ ಮಿರ್ಕೊ ಕ್ರೋಕಾಪ್. ಅವನ ವಿಷಯದಲ್ಲಿ ಸುಮ್ಮನಿರಲು ನನ್ನಿಂದಾಗದು. ದುಬೈಯಿಂದ ರಜೆಗೆ ಬಂದ ಸ್ನೇಹಿತನೊಬ್ಬ ಸೂಟ್‌ಕೇಸಿನಲ್ಲಿ ಸಾಬೂನು, ಸೆಂಟುಗಳ ನಡುವೆ ಪ್ರೈಡ್ ಪಂದ್ಯಗಳ ಸಿ.ಡಿ.ಗಳನ್ನು ತಂದುಕೊಟ್ಟಿದ್ದ. ಜಪಾನಿನ ಆ ಪಂದ್ಯಗಳು ಹಗ್ಗ ಕಟ್ಟಿದ ಬಿಳಿಯ ಅಖಾಡದಲ್ಲಿ ನಡೆಯುತ್ತಿದ್ದವು. ಕ್ರೋಕಾಪ್ ಪೊಲೀಸ್ ಪಡೆಯಲ್ಲಿದ್ದವನು. ಕೆಂಪು ಬಿಳಿ ಚೌಕುಳಿಯ ಚಡ್ಡಿ. ಎಡಗಾಲು ಎತ್ತಿದನೆಂದರೆ ಎದುರಿನವನ ತಲೆಯ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. 2006ರ ಸೆಪ್ಟೆಂಬರ್ 10, ಅವನ 32ನೆಯ ಹುಟ್ಟುಹಬ್ಬ. ಒಂದೇ ರಾತ್ರಿ ವಾಂಡರ್ಲೆ ಸಿಲ್ವಾನನ್ನೂ ಜೋಶ್ ಬಾರ್ನೆಟ್‌ನನ್ನೂ ಸೋಲಿಸಿ ಗ್ರ್ಯಾಂಡ್ ಪ್ರಿ ಪಂದ್ಯಾವಳಿ ಗೆದ್ದ. ಆ ಚೌಕುಳಿ ಚಡ್ಡಿಯ ನಕಲನ್ನು ನಾನು ಹೊಲಿದೆ. ಕೆಂಪು, ಬಿಳಿ ತುಂಡುಗಳನ್ನು ಒಂದೊಂದಾಗಿ ಕತ್ತರಿಸಿ ಜೋಡಿಸಿದ್ದು. ಹೊಲಿಗೆಗಳೆಲ್ಲ ಮೂಲೆಯಲ್ಲಿ ಸರಿಯಾಗಿ ಸೇರಬೇಕು, ಒಂದು ನೂಲು ತಪ್ಪಿದರೂ ಇಡೀ ಚೌಕುಳಿ ಸೊಟ್ಟ. ಮೂರು ರಾತ್ರಿ ಹಿಡಿಯಿತು. ಆಗ ಏಳು ವರ್ಷದವನಾಗಿದ್ದ ಅಳಿಯ ಅದನ್ನು ಹಾಕಿಕೊಂಡು ಓಣಿಯಲ್ಲಿ ನಾಯಿಗಳನ್ನು ಒದೆಯಲು ಹೋಗಿ ತಂಗಿಯ ಕೈಯಲ್ಲಿ ಪೆಟ್ಟು ತಿಂದ.

ಏಳು ತಿಂಗಳ ನಂತರ, 2007ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಏನಾಯಿತೆಂದು ನಿಮ್ಮ ಪಟ್ಟಿ ಒಂದೇ ಸಾಲಿನಲ್ಲಿ ಹೇಳಿದೆ: ಗೇಬ್ರಿಯಲ್ ಗೊಂಜಾಗನ ಕಾಲಿನ ಒದೆತಕ್ಕೆ ಉರುಳಿದ, ನಿರಾಸೆ ಮೂಡಿಸಿದ. ಹಗ್ಗದ ಅಖಾಡದಿಂದ ಬಂದವನನ್ನು ಬಲೆಯ ಪಂಜರಕ್ಕೆ ಬಿಟ್ಟಿದ್ದರು ಎಂಬುದನ್ನು ಬರೆದಿಲ್ಲ. ಜಪಾನಿನ ನಿಯಮದಲ್ಲಿ ನೆಲಕ್ಕೆ ಬಿದ್ದವನ ತಲೆಗೆ ಮೊಣಕೈಯಿಂದ ಹೊಡೆಯುವಂತಿರಲಿಲ್ಲ, ಇಲ್ಲಿ ಹೊಡೆಯಬಹುದಿತ್ತು. ಗೊಂಜಾಗ ಮೊದಲು ಅವನನ್ನು ನೆಲಕ್ಕೆ ಕೆಡವಿ ಮೊಣಕೈಗಳಿಂದ ಜಜ್ಜಿದ. ರೆಫರಿ ಎಬ್ಬಿಸಿ ನಿಲ್ಲಿಸಿದ ಮೇಲೆ, ಮಂಜು ಕವಿದ ಕಣ್ಣಿನ ಮುಂದೆ ಆ ಕಾಲು ಬಂದದ್ದು. ಬೀಳುವಾಗ ಅವನ ಕಾಲು ಮೈಯ ಅಡಿಗೆ ಮಡಚಿಕೊಂಡ ರೀತಿಯನ್ನು ನಾನು ಇವತ್ತಿಗೂ ನೆನೆಯಲು ಇಷ್ಟಪಡುವುದಿಲ್ಲ. ಕಾಲಿನ ಒದೆತಕ್ಕೇ ಹೆಸರಾದವನು ಕಾಲಿನ ಒದೆತಕ್ಕೇ ಬಿದ್ದನೆಂಬುದು ಜನರಿಗೆ ಚಪ್ಪರಿಸುವ ಕಥೆಯಾಯಿತು. ಎಂಟು ವರ್ಷ ಬಿಟ್ಟು, 2015ರ ಏಪ್ರಿಲ್‌ನಲ್ಲಿ, ಪೋಲೆಂಡಿನ ಕ್ರಾಕೊದಲ್ಲಿ ಅದೇ ಗೊಂಜಾಗನನ್ನು ಅವನು ಮೂರನೆಯ ಸುತ್ತಿನಲ್ಲಿ ಸೋಲಿಸಿದ. ಹೇಗೆ ಗೊತ್ತೇ? ಮೊಣಕೈಯಿಂದ! ನಲವತ್ತು ದಾಟಿದ ಮನುಷ್ಯ ತನ್ನನ್ನು ಕೆಡವಿದ ವಿದ್ಯೆಯನ್ನೇ ಕಲಿತು ಬಂದಿದ್ದ. ನಿಮ್ಮ ಪಟ್ಟಿ 2007ರಲ್ಲೇ ಬಾಗಿಲು ಹಾಕಿಕೊಂಡಿದೆ.

ಹೋರಾಟಗಾರರ ತಪ್ಪೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಅಮೆರಿಕದ ಸಿಎಂ ಪಂಕ್ ಟಿ.ವಿ.ಯ ಡಬ್ಲ್ಯುಡಬ್ಲ್ಯುಇ ಕುಸ್ತಿಯ ನಾಟಕದಿಂದ 37ನೆಯ ವಯಸ್ಸಿನಲ್ಲಿ ನೇರವಾಗಿ ಯುಎಫ್‌ಸಿಗೆ ಇಳಿದು 2016ರಲ್ಲಿ ಮಿಕ್ಕಿ ಗಾಲ್‌ನ ಕೈಯಲ್ಲಿ ಎರಡು ನಿಮಿಷ 14 ಸೆಕೆಂಡಿನಲ್ಲಿ ಕತ್ತು ಹಿಸುಕಿಸಿಕೊಂಡ. ಅದನ್ನು ನಿರೀಕ್ಷೆ ಹುಸಿ ಎನ್ನುವವರಿಗೆ ನಿರೀಕ್ಷೆ ಎಲ್ಲಿಂದ ಬಂತೋ ನನಗೆ ತಿಳಿಯದು. ಅದೇ ನಾಟಕದಿಂದ ಬಂದ ಬ್ರಾಕ್ ಲೆಸ್ನರ್ ಯುಎಫ್‌ಸಿಯ ಮೊದಲ ಪಂದ್ಯದಲ್ಲಿ ಒಂದೂವರೆ ನಿಮಿಷಕ್ಕೆ ಕಾಲು ತಿರುಚಿಸಿಕೊಂಡು ಸೋತ, ಜನ ನಕ್ಕರು, ಅದೇ ವರ್ಷದ ನವೆಂಬರ್‌ನಲ್ಲಿ ಹೆವಿವೇಟ್ ಚಾಂಪಿಯನ್ ಆಗಿದ್ದ. ಲೆಸ್ನರ್ ಕಾಲೇಜಿನಲ್ಲಿ ನಿಜವಾದ ಕುಸ್ತಿ ಆಡಿದವನು ಎಂಬ ಒಂದು ಸಾಲು ಓದಿದ್ದರೆ ಈ ಇಬ್ಬರ ನಡುವಿನ ಅಂತರ ಮೊದಲೇ ಕಾಣುತ್ತಿತ್ತು.

ರೊಂಡಾ ರೌಸಿಯದು ಬೇರೆ ಮಾತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜೂಡೊ ಕಂಚು ಗೆದ್ದ ಹೆಣ್ಣುಮಗಳು. ಯುಎಫ್‌ಸಿಯಲ್ಲಿ ಸತತ ಮೂರು ಪಂದ್ಯಗಳನ್ನು 16, 14 ಮತ್ತು 34 ಸೆಕೆಂಡುಗಳಲ್ಲಿ, ಅಂದರೆ ಮೂರೂ ಸೇರಿ ಒಂದು ನಿಮಿಷ ನಾಲ್ಕು ಸೆಕೆಂಡಿನಲ್ಲಿ ಮುಗಿಸಿದಾಗ, ಗಂಡಸು ಬಾಕ್ಸರ್‌ಗಳನ್ನೂ ಹೊಡೆಯಬಲ್ಲಳು ಎಂದು ಜನ ಎಬ್ಬಿಸಿದರು. ಆಕೆಯೂ ನಂಬಿದಂತೆ ಕಂಡಿತು. 2015ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ 56 ಸಾವಿರಕ್ಕೂ ಮಿಕ್ಕಿ ಸೇರಿದ್ದ ಜನರೆದುರು, ಬಾಕ್ಸಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಹಾಲಿ ಹೋಮ್ ಎಂಬಾಕೆಯ ಜೊತೆ ಕೈ ಕೈ ಮಿಲಾಯಿಸಲು ಹೋದರು. ಜೂಡೊ ಬಲ್ಲವರು ಬಾಕ್ಸರ್ ಜೊತೆ ಬಾಕ್ಸಿಂಗ್ ಆಡುವುದು, ದರ್ಜಿ ಕ್ಷೌರದಂಗಡಿ ಇಟ್ಟಂತೆ. ಎರಡರಲ್ಲೂ ಕತ್ತರಿ ಇದೆ, ಅಷ್ಟೇ. ಎರಡನೆಯ ಸುತ್ತಿನಲ್ಲಿ ತಲೆಗೆ ಬಿದ್ದ ಒದೆತಕ್ಕೆ ಕುಸಿದರು. ಅಲ್ಲಿ ತಪ್ಪು ಅವರದೂ ಇತ್ತು, ಕಲಿಸಿದವರದೂ ಇತ್ತು. ನಮ್ಮದು ಎಷ್ಟಿತ್ತು ಎಂದು ಮಾತ್ರ ಯಾರೂ ಲೆಕ್ಕ ಹಾಕಲಿಲ್ಲ.

ನಮ್ಮವರ ಹೆಸರು ಸೇರಿಸಬೇಕಿತ್ತು ಎಂದರಲ್ಲ ಪತ್ರ ಬರೆದವರು, ಸೇರಿಸಿ. ಭರತ್ ಖಂಡಾರೆ 2017ರ ನವೆಂಬರ್‌ನಲ್ಲಿ ಶಾಂಘೈಯಲ್ಲಿ ಯುಎಫ್‌ಸಿ ಅಖಾಡಕ್ಕೆ ಇಳಿದ, ಮೊದಲ ಸುತ್ತಿನಲ್ಲೇ ಸೋತ. ಪಕ್ಕದಲ್ಲಿ ಇದನ್ನೂ ಬರೆಯಿರಿ: ಎದುರಿಗಿದ್ದ ಇಪ್ಪತ್ತು ತುಂಬದ ಚೀನೀ ಹುಡುಗ ಸಾಂಗ್ ಯಾಡಾಂಗ್ ಮುಂದೆ ತನ್ನ ತೂಕದಲ್ಲಿ ಜಗತ್ತಿನ ಮುಂಚೂಣಿಯವರಲ್ಲಿ ಒಬ್ಬನಾದ. ರಿತು ಫೋಗಟ್ 2019ರಲ್ಲಿ ಕುಸ್ತಿಯ ಮ್ಯಾಟು ಬಿಟ್ಟು ಎಂಎಂಎ ಆಡಲು ಸಿಂಗಪುರಕ್ಕೆ ಹೋಗಿ, ಮೊದಲ ನಾಲ್ಕನ್ನೂ ಗೆದ್ದು, 2021ರ ಡಿಸೆಂಬರ್‌ನಲ್ಲಿ ಗ್ರ್ಯಾಂಡ್ ಪ್ರಿ ಫೈನಲ್ ತಲುಪಿ, ಥಾಯ್ಲೆಂಡಿನ ಸ್ಟ್ಯಾಂಪ್ ಫೇರ್‌ಟೆಕ್ಸ್‌ಗೆ ತೋಳಿನ ಪಟ್ಟಿನಲ್ಲಿ ಸಿಕ್ಕಿ ಸೋತರು. ಎರಡು ವರ್ಷದಲ್ಲಿ ಹೊಸ ವಿದ್ಯೆಯ ಫೈನಲ್! ಅದಕ್ಕೂ ‘ಫೋಗಟ್ ಮನೆತನಕ್ಕೆ ತಕ್ಕುದಲ್ಲ’ ಎಂದವರನ್ನು ನಾನು ಅಂಗಡಿಯಲ್ಲೇ ಕಂಡಿದ್ದೇನೆ. ಪೂಜಾ ತೋಮರ್ 2024ರ ಜೂನ್‌ನಲ್ಲಿ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಮುಂದಿನ ಮಾರ್ಚ್‌ನಲ್ಲಿ ಲಂಡನ್‌ನಲ್ಲಿ ಸೋತಾಗ, ಒಂಬತ್ತು ತಿಂಗಳ ಹಿಂದಿನ ಹೆಮ್ಮೆ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ.

ಕರಾವಳಿಯವರಾದ ನಮಗೆ ಈ ಬುದ್ಧಿ 2020ರಲ್ಲೇ ಬರಬೇಕಿತ್ತು. ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಕ್ಯಾಲ್ಕುಲೇಟರ್ ಒತ್ತಿ, 100 ಮೀಟರಿಗೆ 9.55 ಎಂದರು. ಉಸೇನ್ ಬೋಲ್ಟನದು 9.58. ಮುಗಿಯಿತಲ್ಲ! ದೇಶವೆಲ್ಲ ಮುಗಿಬಿದ್ದಿತು, ಕೇಂದ್ರದ ಕ್ರೀಡಾ ಸಚಿವರು ಬೆಂಗಳೂರಿನಲ್ಲಿ ಪರೀಕ್ಷಾ ಓಟಕ್ಕೆ ಕರೆದರು. ಕೋಣಗಳು ಹಗ್ಗ ಎಳೆಯುತ್ತವೆ, ಕೆಸರಿನಲ್ಲಿ ಊರುವುದು ಹಿಮ್ಮಡಿ, ಟ್ರ್ಯಾಕಿನಲ್ಲಿ ಊರುವುದು ಮುಂಗಾಲು ಎಂಬುದು ಕಂಬಳದ ಗದ್ದೆಯ ಬದುವಿನಲ್ಲಿ ನಿಂತ ಮಕ್ಕಳಿಗೂ ಗೊತ್ತಿರುವ ಸಂಗತಿ. ಗೌಡರು ತಾನು ಬೋಲ್ಟ್ ಅಲ್ಲ, ಕೆಸರುಗದ್ದೆಯ ಓಟಗಾರ ಎಂದು ಹೇಳಿ ಕಂಬಳಕ್ಕೇ ಉಳಿದರು. ಅವರು ಹೋಗಿ ಸ್ಪೈಕ್ ಬೂಟು ಹಾಕಿ 12 ಸೆಕೆಂಡಿನಲ್ಲಿ ಓಡಿದ್ದರೆ? ಇವತ್ತು ಅವರ ಫೋಟೊವೂ ಯಾವುದೋ ಪಟ್ಟಿಯಲ್ಲಿ ಇರುತ್ತಿತ್ತು. ಒಲ್ಲೆ ಎನ್ನಲು ಅವರಿಗೆ ಕಂಬಳವಿತ್ತು, ಕೋಣಗಳಿದ್ದವು. ಎಂಎಂಎ ಹುಡುಗನಿಗೆ ಒಲ್ಲೆ ಎಂದರೆ ಅನ್ನವಿಲ್ಲ.

ಇನ್ನೊಂದು. ಕುಂದಾಪುರದ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು, 2022ರಲ್ಲಿ 269 ಕೆ.ಜಿ. ಎತ್ತಿ ಕಂಚು ಗೆದ್ದರು. ತೂಕದ ವರ್ಗ ಬದಲಾಗಿತ್ತು, ಆದರೂ 20 ಕಿಲೊ ಹೆಚ್ಚು. ನನ್ನ ಅಂಗಡಿಗೆ ಬಂದ ಗಿರಾಕಿಯೊಬ್ಬರು, ‘ಬೆಳ್ಳಿಯಿಂದ ಕಂಚಿಗೆ ಇಳಿದ ಮಾರಾಯರೇ’ ಎಂದು ಮರುಗಿದರು. ಅವರ ಹೊಟ್ಟೆಯ ಸುತ್ತಳತೆ ಬರೆದುಕೊಳ್ಳುತ್ತಾ ನಾನು ಸುಮ್ಮನಿದ್ದೆ.

ಈಗ ಈ ಪತ್ರಕ್ಕೆ ಕಾರಣನಾದ ಹುಡುಗನ ವಿಷಯ. ಹೆಸರು ಬರೆಯುವುದಿಲ್ಲ. ಬೆಂಗರೆಯಿಂದ ದೋಣಿ ದಾಟಿ ಬರುತ್ತಾನೆ. ಬೆಳಗಿನ ಜಾವ ಮೀನಿನ ದಕ್ಕೆಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆ ಹೊರುತ್ತಾನೆ, ಸಂಜೆ ಎರಡು ಗಂಟೆ ಅಭ್ಯಾಸ ಮಾಡುತ್ತಾನೆ. ಊರಿನಲ್ಲೇ ಎರಡು ಸಣ್ಣ ಪಂದ್ಯ ಗೆದ್ದ. ಎರಡನೆಯದರ ಕೊನೆಯ ಗುದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದು, ಹಿಂದೆ ಹುಲಿವೇಷದ ಬಡಿತ ಸೇರಿಸಿ ಹರಿಯಬಿಟ್ಟರು. ವಾರದೊಳಗೆ ಅವನಿಗೆ ಬಿರುದು ಬಂತು. ಬೆಂಗಳೂರಿನಲ್ಲಿ ರಾಜ್ಯ ಮಟ್ಟದ ಪಂದ್ಯವೊಂದಕ್ಕೆ ಹೊರಟಾಗ ಕಪ್ಪು ಶಾರ್ಟ್ಸ್ ಹೊಲಿಸಲು ಬಂದ. ಸೊಂಟ 33. ಹಿಂಭಾಗದಲ್ಲಿ ಹಳದಿ ಸ್ಯಾಟಿನ್ ಬಟ್ಟೆಯಲ್ಲಿ ‘ತುಳುನಾಡ ಹುಲಿ’ ಎಂದು ಆರು ಅಕ್ಷರ ಕತ್ತರಿಸಿ ಹೊಲಿಯುವ ಯೋಚನೆ ಅವನದಲ್ಲ, ನನ್ನದು. ಅಕ್ಷರಕ್ಕೆ ದುಡ್ಡು ಬೇಡವೆಂದೆ. ಬಂದ ಗಿರಾಕಿಗಳಿಗೆಲ್ಲ ಆ ಶಾರ್ಟ್ಸ್ ತೋರಿಸಿ, ‘ಇವನು ಗೆದ್ದು ಬರುತ್ತಾನೆ, ನೋಡುತ್ತಿರಿ’ ಎಂದೆ. ಅವನ ಮೂವರು ಸ್ನೇಹಿತರು ಅಂಥದ್ದೇ ಬೇಕೆಂದು ಮುಂಗಡ ಕೊಟ್ಟು ಹೋದರು.

ಹೊರಡುವ ಹಿಂದಿನ ಮಧ್ಯಾಹ್ನ ಅವನು ಮತ್ತೆ ಬಂದ. ಶಾರ್ಟ್ಸ್ ಸಡಿಲವಾಗಿದೆ, ಇಲಾಸ್ಟಿಕ್ ಬಿಗಿ ಮಾಡಿಕೊಡಿ ಎಂದ. ಟೇಪು ಹಿಡಿದೆ. ಮೂವತ್ತೂವರೆ. ನನ್ನ ಅಳತೆ ಎಂದೂ ತಪ್ಪುವುದಿಲ್ಲ, ಆದರೂ ಮತ್ತೊಮ್ಮೆ ಹಿಡಿದು ನೋಡಿದೆ. ಆ ಬಿಸಿಲಿನಲ್ಲಿ ಅವನು ಮಳೆಗಾಲದ ಜರ್ಕಿನ್ ಹಾಕಿಕೊಂಡಿದ್ದ. ಇಸ್ತ್ರಿಯ ಮೇಜಿನ ಪಕ್ಕ, ಅತಿ ಸೆಕೆಯ ಜಾಗ ನೋಡಿಯೇ ಕುಳಿತ. ತುಟಿ ಒಡೆದಿತ್ತು. ಕೈಯಲ್ಲಿ ಖಾಲಿ ಕೋಲಾ ಬಾಟಲಿ, ಅದರೊಳಗೆ ಆಗಾಗ ಉಗುಳುತ್ತಿದ್ದ. ಉಗುಳಿದರೂ ತೂಕ ಇಳಿಯುತ್ತದಂತೆ. ಆಡುವ ತೂಕದ ವರ್ಗಕ್ಕೆ ಸೇರಲು 72 ಕಿಲೊದವನು 65.8ಕ್ಕೆ ಇಳಿಯಬೇಕಿತ್ತು. ಚಹಾ ತರಿಸಲೇ ಎಂದರೆ ತಲೆಯಾಡಿಸಿದ. ‘ತೂಕ ಕೊಟ್ಟ ಮೇಲೆ ಕುಡಿಯುತ್ತೇನೆ ಅಣ್ಣ’ ಎಂದ, ಧ್ವನಿ ಹೊರಡಲಿಲ್ಲ. ಒಬ್ಬ ಮನುಷ್ಯನ ಎರಡೂವರೆ ಇಂಚು ಇಷ್ಟು ಬೇಗ ಎಲ್ಲಿಗೆ ಹೋಯಿತು ಎಂದು ನಾನು ಬಾಯಿಬಿಟ್ಟು ಕೇಳಬೇಕಿತ್ತು. ಇಲಾಸ್ಟಿಕ್ ಬಿಗಿ ಮಾಡಿ, ಬೆನ್ನು ತಟ್ಟಿ, ‘ಹುಲಿ’ ಎಂದು ಕಳಿಸಿದೆ.

ಒಂದು ನಿಮಿಷವೂ ಆಗಲಿಲ್ಲವಂತೆ. ಅದರ ವಿಡಿಯೊ ಕೂಡ ಬಂತು, ಈ ಸಲ ಹಿಂದೆ ಬೆಕ್ಕಿನ ಕೂಗು ಸೇರಿಸಿದ್ದರು. ಅವನು ಹೊರಟ ದಿನವೇ ವೃತ್ತದಲ್ಲಿ ಅಭಿನಂದನೆಯ ಫ್ಲೆಕ್ಸ್ ಕಟ್ಟಿದ್ದರು. ಮುಖಂಡರ ಫೋಟೊಗಳು ದೊಡ್ಡದು, ಕೆಳಗೆ ಮೂಲೆಯಲ್ಲಿ ಇವನದು ಚಿಕ್ಕದು. ಯಾರೋ ರಾತ್ರಿ ಅದನ್ನು ಬಿಚ್ಚಿದರು. ಎರಡು ದಿನ ಬಿಟ್ಟು ನೋಡಿದರೆ, ಮೀನು ಮಾರುವ ಅಮ್ಮನೊಬ್ಬರು ಬಿಸಿಲಿಗೆ ಅದನ್ನೇ ಮಾಡು ಕಟ್ಟಿಕೊಂಡಿದ್ದರು. ಹುಡುಗನ ಮುಖ ತಲೆಕೆಳಗಾಗಿತ್ತು, ಕೆಳಗೆ ಬೂತಾಯಿಯ ಬುಟ್ಟಿ. ಆ ಫ್ಲೆಕ್ಸ್‌ನಿಂದ ಯಾರಿಗಾದರೂ ಉಪಯೋಗವಾಗಿದ್ದರೆ ಆ ಅಮ್ಮನಿಗೆ. ಮುಂಗಡ ಕೊಟ್ಟ ಮೂವರು ಸ್ನೇಹಿತರು ಇವತ್ತಿನವರೆಗೆ ಈ ಕಡೆ ಬಂದಿಲ್ಲ. ಮೂರು ಶಾರ್ಟ್ಸ್ ಗಲ್ಲಾದ ಮೇಲಿನ ಮೊಳೆಯಲ್ಲಿ ನೇತಾಡುತ್ತಿವೆ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೇಳಿಕೆ. ನೀವು ಅಡಿಕೆ ಧಾರಣೆಯನ್ನು ಎಷ್ಟು ನಿಷ್ಠೆಯಿಂದ ಅಚ್ಚು ಹಾಕುತ್ತೀರಿ! ಹೊಸತು ಇಷ್ಟು, ಹಳತು ಇಷ್ಟು, ನಿನ್ನೆಗಿಂತ ಇಷ್ಟು ಮೇಲೆ ಕೆಳಗೆ. ಅಲ್ಲಿ ಅಡಿಕೆಯನ್ನು ಹುಲಿ ಎನ್ನುವುದಿಲ್ಲ. ಧಾರಣೆ ಇಳಿದ ದಿನ ಅಡಿಕೆ ಮರ್ಯಾದೆ ತೆಗೆಯಿತು ಎಂದೂ ಬರೆಯುವುದಿಲ್ಲ. ಈ ಹುಡುಗರ ಬಗ್ಗೆಯೂ ಹಾಗೆಯೇ ಬರೆಯಿರಿ. ಪಂದ್ಯದ ಮೊದಲು ಎದುರಾಳಿ ಯಾರು, ಎಷ್ಟು ಗೆದ್ದಿದ್ದಾನೆ, ಯಾವ ಪಟ್ಟಿನಲ್ಲಿ ಬಲ್ಲಿದ, ನಮ್ಮವನು ಎಷ್ಟು ಕಿಲೊ ಇಳಿಸಿ ಹೋಗುತ್ತಿದ್ದಾನೆ ಎಂದು ನಾಲ್ಕು ಸಾಲು. ಸೋತರೆ ಯಾವ ಸುತ್ತಿನಲ್ಲಿ, ಹೇಗೆ ಎಂದು ಎರಡು ಸಾಲು. ಗೆದ್ದಾಗ ಬರೆಯುವ ವಿಶೇಷಣಗಳನ್ನು ಸ್ವಲ್ಪ ದಿನ ಕಪಾಟಿನಲ್ಲಿಡಿ. ಇದು ನಿಮಗೆ ಬುದ್ಧಿ ಹೇಳುವ ಮಾತಲ್ಲ. ಆರು ಅಕ್ಷರ ಕತ್ತರಿಸಿದ ಕೈ ನನ್ನದೇ.

ಹುಡುಗ ಮೊನ್ನೆ ಶುಕ್ರವಾರ ಬಂದಿದ್ದ, ನಾಲ್ಕು ತಿಂಗಳ ನಂತರ. ಅಭ್ಯಾಸ ಬಿಟ್ಟಿರಲಿಲ್ಲ, ನನ್ನ ಅಂಗಡಿಯ ದಾರಿ ಮಾತ್ರ ಬಿಟ್ಟಿದ್ದ. ಚೀಲದಿಂದ ಅದೇ ಶಾರ್ಟ್ಸ್ ತೆಗೆದು, ‘ಟೈಲರಣ್ಣ, ಅಕ್ಷರ ತೆಗೆಯಲು ಆಗುತ್ತದೆಯೇ?’ ಎಂದು ಕೇಳಿದ. ಆಗುತ್ತದೆ ಎಂದೆ. ಬ್ಲೇಡಿನ ಮೂಲೆಯಿಂದ ಒಂದೊಂದೇ ನೂಲು ಕಡಿದು ಎಳೆದೆ. ಗಟ್ಟಿಯಾಗಿ ಇರಲೆಂದು ಒತ್ತೊತ್ತಾಗಿ ಹೊಲಿದದ್ದು ನಾನೇ ಅಲ್ಲವೇ, ಅಕ್ಷರಕ್ಕೆ ಕಾಲು ಗಂಟೆ ಹಿಡಿಯಿತು. ಬಿಸಿಲಿಗೆ ಒಣಗಿ ಒಣಗಿ ಶಾರ್ಟ್ಸ್ ಬೂದು ಬಣ್ಣಕ್ಕೆ ತಿರುಗಿತ್ತು. ಹಳದಿ ತುಂಡು ಎದ್ದಲ್ಲೆಲ್ಲ ಬಟ್ಟೆ ಹೊಚ್ಚ ಹೊಸ ಕಪ್ಪು. ಆರು ಅಕ್ಷರವೂ ಹೋದ ಮೇಲೆ ‘ತುಳುನಾಡ ಹುಲಿ’ ಎಂದು ಕಪ್ಪಿನಲ್ಲಿ ಇನ್ನೂ ಸ್ಪಷ್ಟವಾಗಿ ಓದಲು ಬರುತ್ತಿತ್ತು, ಸುತ್ತ ಸೂಜಿಯ ತೂತುಗಳು. ನಾವಿಬ್ಬರೂ ಅದನ್ನೇ ನೋಡಿದೆವು. ಅವನು ಮೊದಲು ನಕ್ಕ. ‘ಇರಲಿ, ಒಗೆದರೆ ಹೋಗುತ್ತದೆ’ ಎಂದ.

ಮುಂದಿನ ಪಂದ್ಯ 70.3 ಕಿಲೊ ವರ್ಗದಲ್ಲಿ ಆಡುತ್ತಾನಂತೆ, ಇಲಾಸ್ಟಿಕ್ ಸಡಿಲ ಮಾಡಬೇಕು ಎಂದ. ಟೇಪು ಹಿಡಿದೆ, 33. ಚಹಾ ತರಿಸಿದೆ. ಕುಡಿದು, ಇನ್ನೊಂದು ಬೇಕು ಎಂದ.

ನನ್ನ ಹೆಸರು ಪ್ರಕಟಿಸಬೇಡಿ, ಹುಡುಗನ ಗುರುತು ಸಿಗುತ್ತದೆ.

ಇತಿ,
ಒಬ್ಬ ದರ್ಜಿ, ಮಂಗಳೂರು